ಹೋದವನ ವಯಸ್ಸು

ಮಗನ ವಯಸ್ಸೆಷ್ಟು ಎಂದು ಠಾಣೆಯ ದಫೇದಾರ ಕೇಳಿದಾಗ ಮುನಿತಾಯಮ್ಮ ತಡವರಿಸಲಿಲ್ಲ. "ಹದಿನೆಂಟು ತುಂಬಿ ಹತ್ತೊಂಬತ್ತು ನಡೀತಾ ಐತೆ ಸ್ವಾಮಿ" ಎಂದಳು.

ಠಾಣೆಯ ಜಗುಲಿಯ ಮೇಲೆ ಅವಳ ಮಗ ಬೈರಪ್ಪ ಮೂವರು ಗಂಡಸರ ಸಾಲಿನ ಕೊನೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ದಫೇದಾರ ಅವನ ಕಡೆ ನೋಡಿದ. ಮೀಸೆ ಚಿಗುರದ ಮುಖ. ಮೈಗಿಂತ ಮೊದಲು ಬೆಳೆದುಬಿಟ್ಟ ಕಾಲು.

"ಹದಿನೆಂಟಾ? ಸರಿಯಾಗಿ ನೋಡ್ಕೊಂಡು ಹೇಳಮ್ಮ."

"ಶಾನುಭೋಗ್ರ ಪುಸ್ತಕದಾಗೆ ಬರೆದೈತೆ. ಬೇಕಾದ್ರೆ ಹೋಗಿ ನೋಡಿ."

ಹೇಳಿದ ಮಾತನ್ನು ಅನುಮಾನಿಸಿದರಲ್ಲ ಎಂಬ ಸಿಟ್ಟು ಅವಳ ದನಿಯಲ್ಲಿತ್ತು. ದಫೇದಾರ ಹದಿನೆಂಟು ಎಂದು ಬರೆದುಕೊಂಡ. ನಾಲ್ಕು ದಿನಗಳಲ್ಲಿ ಕುರುಬರಹಳ್ಳಿಗೆ ಬಂದು ಶಾನುಭೋಗರ ಜನನದ ಪುಸ್ತಕವನ್ನೂ ನೋಡಿದ. ಮರಿಯಪ್ಪನ ಮಗ ಬೈರಪ್ಪ, ಸಾವಿರದ ಒಂಬೈನೂರ ಮೂವತ್ತೆಂಟು, ಕಾರ್ತಿಕ ಮಾಸ. ತಾಯಿ ಹೇಳಿದ್ದಕ್ಕೂ ಪುಸ್ತಕಕ್ಕೂ ತಾಳೆಯಾಯಿತು.

ಅದು ಐವತ್ತೇಳರ ಆಷಾಢ. ಕುರುಬರಹಳ್ಳಿಯ ಹೊಲಗಳಲ್ಲಿ ಬಹುಪಾಲನ್ನು ರಾಜಾಜಿನಗರದ ಬಡಾವಣೆಗೆಂದು ಟ್ರಸ್ಟ್ ಬೋರ್ಡಿನವರು ತೆಗೆದುಕೊಂಡಾಗಿತ್ತು. ರಾಗಿ ಬೆಳೆಯುತ್ತಿದ್ದ ಕಡೆ ಕಲ್ಲು ನೆಟ್ಟು ರಸ್ತೆ ಎಳೆದಿದ್ದರು. ರಸ್ತೆಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ ಏಳುತ್ತಿತ್ತು. ಉಳುವುದಕ್ಕೆ ನೆಲವಿಲ್ಲದ ಎತ್ತುಗಳು ಇಟ್ಟಿಗೆ, ಮರಳು ಎಳೆಯುತ್ತಿದ್ದವು. ಬೈರಪ್ಪನ ದೊಡ್ಡಪ್ಪ ಮುನಿಯಣ್ಣನ ಗಾಡಿಯೂ ಅದೇ ಕೆಲಸಕ್ಕೆ ಬಿದ್ದಿತ್ತು. ಗಾಡಿ ಹೊಡೆಯುತ್ತಿದ್ದವನು ಬೈರಪ್ಪ.

ಕಟ್ಟಡದ ಕೆಲಸಕ್ಕೆ ಆಳು ಕೂಡಿಸುತ್ತಿದ್ದ ನಾಗರಾಜು ಎಂಬವನು ಒಂದು ಸಂಜೆ ಅವನನ್ನು ಕರೆದ. ನಾಗರಾಜುವಿನ ಇನ್ನಿಬ್ಬರು ಆಳುಗಳೂ ಸೇರಿ ಹೊಸ ಕ್ವಾರ್ಟರ್ಸಿನ ಉಗ್ರಾಣದಿಂದ ಕಬ್ಬಿಣದ ಸರಳು ತುಂಬಿಸಿಕೊಂಡು ಮಾಗಡಿ ರಸ್ತೆಯ ಟೋಲ್‌ಗೇಟಿನ ತನಕ ಬಂದರು. ಅಲ್ಲಿ ಹಿಡಿದರು. ಸರಳು ಕದ್ದದ್ದೆಂದು ಗೊತ್ತಿತ್ತೇ ಎಂದು ಕೇಳಿದರೆ ಬೈರಪ್ಪ "ಗೊತ್ತಿತ್ತು" ಎಂದ. ಹಾಗೆ ಅಂದದ್ದಕ್ಕೆ ಠಾಣೆಯಲ್ಲಿ ಎಲ್ಲರೂ ನಕ್ಕರಂತೆ. ನಾಲ್ವರನ್ನೂ ಒಂದೇ ಕೇಸಿನಲ್ಲಿ ಸೇರಿಸಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ವಿಚಾರಣೆ ಮುಗಿಯುವವರೆಗೆ ಜೈಲಿಗೆ ಕಳಿಸಿದರು.

ಹದಿನೆಂಟು ಎಂದು ಮುನಿತಾಯಮ್ಮ ಬೇಕೆಂದು ಸುಳ್ಳು ಹೇಳಿರಲಿಲ್ಲ. ಅವಳ ಮನೆಯಲ್ಲಿ ಲೆಕ್ಕ ಇದ್ದದ್ದೇ ಹಾಗೆ.

ಮೂವತ್ತೆಂಟರ ಕಾರ್ತಿಕದಲ್ಲಿ ಅವಳು ಒಂದು ಗಂಡು ಮಗು ಹೆತ್ತಿದ್ದಳು. ಮನೆದೇವರ ಹೆಸರಿಟ್ಟರು: ಬೈರಪ್ಪ. ಮೂರು ವರ್ಷ ದಾಟಿದ ಮೇಲೆ ಕೆಂಗೇರಿ ಪಕ್ಕದ ತವರಿಗೆ ಕರೆದುಕೊಂಡು ಹೋಗಿದ್ದಾಗ ಮಗುವಿಗೆ ಸಿಡುಬು ಎದ್ದಿತು. ಅಮ್ಮನೇ ಮೈಮೇಲೆ ಬಂದಿದ್ದಾಳೆ, ಅಳಬಾರದು, ಮದ್ದು ಕೊಡಬಾರದು ಎಂದರು. ಮಗು ಒಂದು ವಾರ ಇತ್ತು. ಸುದ್ದಿ ಮುಟ್ಟಿ ಕುರುಬರಹಳ್ಳಿಯಿಂದ ಅತ್ತೆ, ಭಾವ ಮುನಿಯಣ್ಣ ಬಂದರು. ಹೆಣ ಎತ್ತುವ ಮೊದಲು ಅತ್ತೆ ಒಲೆಯ ಮಸಿಯಲ್ಲಿ ಬೆರಳು ಅದ್ದಿ ಮಗುವಿನ ಎಡ ಹೆಗಲ ಮೇಲೆ ಒತ್ತಿದಳು. ಗುರುತು ಇಟ್ಟು ಕಳಿಸಿದರೆ ಅದೇ ಮಗು ಅದೇ ಹೊಟ್ಟೆಗೆ ಬರುತ್ತದೆ ಎಂಬುದು ಅವರ ನಂಬಿಕೆ. ಮುನಿಯಣ್ಣನೇ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ.

ಮರುವರ್ಷದ ಮಾಗಿಯಲ್ಲಿ ಇನ್ನೊಂದು ಗಂಡು ಹುಟ್ಟಿತು. ಎಡ ಹೆಗಲ ಮೇಲೆ ಕಾಳಿನಷ್ಟಗಲ ಕಪ್ಪು ಮಚ್ಚೆ. ಅತ್ತೆ ಮಗುವನ್ನು ಬೆಳಕಿಗೆ ಹಿಡಿದು ನೋಡಿ, "ಬಂದ್ನಲ್ಲ" ಎಂದಳು. ತೊಟ್ಟಿಲಿಗೆ ಹಾಕಿದರೇ ಹೊರತು ಹೆಸರಿಡುವ ಶಾಸ್ತ್ರ ಮಾಡಲಿಲ್ಲ. ಹೆಸರು ಆಗಲೇ ಇತ್ತು. ಶಾನುಭೋಗರಿಗೂ ಹೇಳಿ ಕಳಿಸಲಿಲ್ಲ. ಪುಸ್ತಕದಲ್ಲಿ ಒಮ್ಮೆ ಬರೆದಾಗಿದೆ, ಅವನೇ ಬಂದಿರುವಾಗ ಎರಡನೆಯ ಸಲ ಏನನ್ನು ಬರೆಸುವುದು? ಸತ್ತದ್ದು ಕೆಂಗೇರಿಯ ಕಡೆ, ಅಮ್ಮ ಬಂದ ಮನೆಯಿಂದ ಸಾವಿನ ಸುದ್ದಿ ಹೊರಗೆ ಹೋಗುವ ಹಾಗಿಲ್ಲ; ಅದನ್ನೂ ಯಾರೂ ಬರೆಸಿರಲಿಲ್ಲ. ಮನೆಯವರೆಲ್ಲ ಬೈರದೇವರ ಮುಂದೆ ಎಲೆ ಅಡಿಕೆ ಇಟ್ಟು ಮಾತು ಕೊಟ್ಟರು: ಮೊದಲನೆಯವನು ಹೋದ ಎಂದು ಯಾರೂ ಬಾಯಿಬಿಟ್ಟು ಹೇಳಕೂಡದು, ಮಗುವಿನ ಕಿವಿಗಂತೂ ಬೀಳಲೇಕೂಡದು. ಹೇಳಿದರೆ ಬಂದವನೂ ಎದ್ದು ಹೋಗುತ್ತಾನೆ.

ಹಾಗಾಗಿ ಅವನು ಕೂರುವಂತಾದಾಗಲೇ ಅವನಿಗೆ ನಾಲ್ಕು ದಾಟಿತ್ತು. ಶಾಲೆಗೆ ಸೇರಿಸಲು ಹೋದಾಗ ಮೇಷ್ಟರು ಬಾಯಿ ತೆರೆಸಿ ನೋಡಿ, "ಹತ್ತು ವರ್ಷ ಅಂತೀರಿ, ಇನ್ನೂ ಒಂದು ಹಾಲುಹಲ್ಲೂ ಬಿದ್ದಿಲ್ವಲ್ಲಯ್ಯ" ಎಂದು ನಕ್ಕಿದ್ದರು. ಗಂಡ ಮರಿಯಪ್ಪನಿಗೆ ಅವಮಾನವಾಗಿ ಹುಡುಗನನ್ನು ಕೈಹಿಡಿದು ಹಿಂದಕ್ಕೆ ಕರೆತಂದ. ಆ ಮೇಲೆ ಶಾಲೆಯ ಮಾತು ಬರಲಿಲ್ಲ. ಅತ್ತೆ ಹೋದಳು, ಮರಿಯಪ್ಪನೂ ಹೋದ, ಹೆರಿಗೆ ಮಾಡಿಸಿದ ಬೋರಮ್ಮ ಹೋದ ವರ್ಷ ತೀರಿಕೊಂಡಳು. ತವರಿನಲ್ಲೂ ಆಗಿನವರು ಯಾರೂ ಇರಲಿಲ್ಲ. ವಿಷಯ ಗೊತ್ತಿದ್ದವರಲ್ಲಿ ಈಗ ಉಳಿದವರು ಮುನಿತಾಯಮ್ಮ ಮತ್ತು ಮುನಿಯಣ್ಣ.

ಜೈಲಿನಲ್ಲಿ ಮಗನನ್ನು ನೋಡಲು ಅವಳಿಗೆ ಬಿಟ್ಟದ್ದು ಹತ್ತು ದಿನದ ಮೇಲೆ. ಕಂಬಿಯ ಆಚೆ ಬೈರಪ್ಪ ಬಂದು ನಿಂತ. ಬಲಗಿವಿ ಊದಿ ಕೆಂಪಗಾಗಿತ್ತು.

"ಯಾರೋ ಹೊಡೆದ್ರು?"

"ಬಿದ್ದೆ."

"ಕಿವಿ ಮೇಲೆ ಬೀಳ್ತಾರೇನೋ?"

ಬೈರಪ್ಪನ ಹಿಂದೆ ತುಸು ದೂರದಲ್ಲಿ ನಾಗರಾಜು ಗೋಡೆಗೆ ಒರಗಿ ನಿಂತಿದ್ದ. "ಮಗನ್ನ ಚೆನ್ನಾಗಿ ಬೆಳ್ಸಿದೀಯ ಕಣಮ್ಮೋ. ಕಾಲು ಒತ್ತೋದು ಯಾರಿಂದ ಕಲ್ತ? ನಮ್ಮ ವಾರ್ಡಿನಲ್ಲಿ ಎಲ್ರಿಗೂ ಇವನೇ ಬೇಕಂತೆ" ಎಂದ. ಅಲ್ಲಿದ್ದ ಒಬ್ಬಿಬ್ಬರು ನಕ್ಕರು. ಬೈರಪ್ಪ ನೆಲ ನೋಡುತ್ತ ನಿಂತ.

"ಅವ್ವ, ಸರಳು ಕದಿಯೋ ಯೋಚನೆ ನಂದೇ ಅಂತ ಕೋರ್ಟಲ್ಲಿ ಹೇಳು ಅಂತವ್ರೆ. ಹೇಳಿದ್ರೆ ಒಳಗೆ ತಂಟೆ ಮಾಡಾಕಿಲ್ವಂತೆ."

"ನೀನೇನಂದೆ?"

"ಹೂ ಅಂದೆ."

ಅವಳು ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ಕಾವಲಿನವನು ಬಿಚ್ಚಿ ನೋಡಿ ಒಳಗೆ ಕೊಟ್ಟ. ಬೈರಪ್ಪ ಒಂದನ್ನೂ ಮುರಿಯದೆ ಗಂಟನ್ನು ಹಾಗೇ ತೆಗೆದುಕೊಂಡು ಹೋಗಿ ನಾಗರಾಜುವಿನ ಕೈಗೆ ಕೊಟ್ಟದ್ದನ್ನು ಅವಳು ನೋಡಿದಳು.

ಏಕಾಂತಯ್ಯ ಸೈಕಲ್ಲಿನ ಮೇಲೆ ಕುರುಬರಹಳ್ಳಿಗೆ ಬಂದದ್ದು ಅದೇ ವಾರ. ಚಿತ್ರದುರ್ಗದ ಕಡೆಯವರು, ಐವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ. ತಾನು ಪ್ರೊಬೇಷನ್ ಅಧಿಕಾರಿ, ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಮನೆಮಠ ವಿಚಾರಿಸಿ ಕೋರ್ಟಿಗೆ ವರದಿ ಕೊಡುವುದು ತನ್ನ ಕೆಲಸ ಎಂದು ಹೇಳಿಕೊಂಡರು. ಬೇರೊಬ್ಬ ಹುಡುಗನ ಕೇಸಿಗೆ ಹೋಗಿದ್ದಾಗ ಬೈರಪ್ಪನನ್ನು ಕಂಡಿದ್ದರು.

"ನಿಮ್ಮ ಹುಡುಗಂದು ನನ್ನ ಪಾಲಿಗೆ ಬಂದ ಕೇಸಲ್ಲ ತಾಯಿ. ಹದಿನೆಂಟು ಅಂತ ಬರೆದಾರ. ಆದ್ರೆ ಮುಖ ನೋಡಿ ನನಗೆ ಸಮಾಧಾನ ಆಗ್ಲಿಲ್ಲ. ಅದಕ್ಕ ಬಂದೆ."

ಮುನಿತಾಯಮ್ಮ ಚಾಪೆ ಹಾಸಿ ನೀರು ಕೊಟ್ಟಳು. "ಹದಿನೆಂಟಾದ್ರೇನು ಬುದ್ಧಿ? ಕದ್ದವ್ರಿಗೆಲ್ಲ ಒಂದೇ ಜೈಲಲ್ವಾ?"

"ಅಲ್ಲ. ಹದಿನಾರು ತುಂಬದವರಿಗೆ ಕಾಯಿದೆ ಬ್ಯಾರೇ ಐತಿ. ಮಕ್ಕಳ ನ್ಯಾಯಾಲಯ ಬ್ಯಾರೆ, ಇಡೋ ಜಾಗ ಬ್ಯಾರೆ. ದೊಡ್ಡವರ ಜೊತೆ ಒಂದೇ ಕಟಕಟೆಯಲ್ಲಿ ನಿಲ್ಲಿಸೋಹಂಗಿಲ್ಲ, ಒಂದೇ ಕೋಣೆಯಲ್ಲಿ ಮಲಗಿಸೋಹಂಗಿಲ್ಲ. ಓದು ಕಲಿಸ್ತಾರ, ಬಡಗಿ ಕೆಲಸ ಕಲಿಸ್ತಾರ. ಹುಡುಗನ್ನ ಮನೆಗೇ ಕಳಿಸಿ ನನ್ನಂಥವರ ಕಣ್ಗಾವಲಿನಲ್ಲಿ ಇಡೋದೂ ಉಂಟು."

"ಅವ್ನು ಕದ್ದೋನೇ ಬುದ್ಧಿ. ಅವ್ನೇ ಒಪ್ಕೊಂಡವ್ನೆ."

"ಕದ್ದನೋ ಇಲ್ಲೋ ಅದು ಬ್ಯಾರೆ ಮಾತು. ಕದ್ದಿದ್ರೂ ಹುಡುಗ ಹುಡುಗನೇ ಅಲ್ಲೇನು?"

ವಯಸ್ಸು ಎಂಬುದು ಇಷ್ಟೊಂದು ತೂಗುತ್ತದೆ ಎಂದು ಮುನಿತಾಯಮ್ಮನಿಗೆ ಯಾರೂ ಹೇಳಿರಲಿಲ್ಲ. ಮಗ ಸಣ್ಣವನು ಎಂದರೆ ಕೈಲಾಗದವನು ಎಂದಾಗುತ್ತದೆ, ದೊಡ್ಡವನು ಎಂದರೆ ಠಾಣೆಯವರು ಹೊಡೆಯಲು ಅಂಜುತ್ತಾರೆ ಎಂದು ಒಳಗೊಳಗೇ ಅಂದುಕೊಂಡಿದ್ದಳು.

"ಡಾಕ್ಟರು ಏನಂದ್ರು ಬುದ್ಧಿ? ಜೈಲಿಗೆ ಹಾಕಿದಾಗ ಅವ್ನ ಹಲ್ಲು, ಎಲುಬು ನೋಡಿದ್ರಂತಲ್ಲ."

"ಹದಿನೈದೂ ಇರಬಹುದು, ಹದಿನೆಂಟೂ ಇರಬಹುದು ಅಂತ ಬರೆದಾರ. ಅದು ಎತ್ತಲಾಗೂ ವಾಲ್ತೈತಿ. ಶಾನುಭೋಗರ ಪುಸ್ತಕ ಮಾತ್ರ ಗಟ್ಟಿ ಐತಿ." ಏಕಾಂತಯ್ಯ ಲೋಟ ಕೆಳಗಿಟ್ಟರು. "ತಾಯಿ, ಹಿಂದಿನ ಕೂಸು ಹೋಗಿ ಅದರ ಹೆಸರನ್ನೇ ಇಟ್ಟಿರೋದು ನಮ್ಮ ಕಡೆನೂ ನೋಡೀನಿ. ನಿಮ್ಮಲ್ಲಿ ಹಂಗೇನಾದ್ರೂ ಐತೇನು?"

ಅವಳು ಎದ್ದು ಒಳಗೆ ಹೋದಳು. ಒಲೆಯ ಮುಂದೆ ಸುಮ್ಮನೆ ನಿಂತಳು. ಹೊರಗೆ ಬಂದಾಗ ಬಾಗಿಲಲ್ಲಿ ಮುನಿಯಣ್ಣ ನಿಂತಿದ್ದ. ತಲೆಯ ಮೇಲೆ ಬಿಳಿ ಪೇಟ, ಕೈಯಲ್ಲಿ ಬಾರುಕೋಲು.

"ಅಂಥದ್ದೇನೂ ಇಲ್ಲ ಸ್ವಾಮಿ, ನೀವು ಹೊರಡಿ" ಎಂದ.

ಏಕಾಂತಯ್ಯ ಚಪ್ಪಲಿ ಮೆಟ್ಟಿಕೊಂಡರು. ಹೊರಡುವಾಗ ಅವಳನ್ನೇ ನೋಡಿ ಹೇಳಿದರು: "ಬರೋ ಸೋಮವಾರ ಕೇಸು ಐತಿ. ವಯಸ್ಸಿನ ವಿಷಯ ಇನ್ನೊಮ್ಮೆ ವಿಚಾರಿಸಬೇಕಂತ ನಾನು ಬರೆದು ಕೊಡ್ತೀನಿ. ಬರೆಯೋದಷ್ಟೇ ನನ್ನ ಕೈಯಲ್ಲಿರೋದು. ಹೇಳಬೇಕಾದವರು ನೀವು."

ಸೈಕಲ್ಲು ಮರೆಯಾದ ಮೇಲೆ ಮುನಿಯಣ್ಣ ಜಗುಲಿಯ ಮೇಲೆ ಕೂತ.

"ಏನ್ ಹೇಳ್ತಾನೆ ಆವಯ್ಯ ಅಂತ ಕೇಳಿಸ್ತು. ನೋಡು ಮುನಿತಾಯಿ, ಜೈಲಾದ್ರೆ ಆರು ತಿಂಗಳು, ವರ್ಷ. ಮನೆಗೆ ಬತ್ತಾನೆ. ದೇವ್ರ ಮುಂದೆ ಕೊಟ್ಟ ಮಾತು ಮುರಿದ್ರೆ ಬರೋದೆಲ್ಲಿಂದ?"

"ಭಾವ, ಅವ್ನ ಕಿವಿ ನೋಡಿದ್ರಾ ನೀವು?"

"ನೋಡಿಲ್ಲ."

"ನಾ ಕೊಟ್ಟ ರೊಟ್ಟಿ ಅವ್ನು ತಿನ್ನಲಿಲ್ಲ ಭಾವ. ಕೈ ನೀಡಿ ಬೇರೆಯವ್ನಿಗೆ ಕೊಟ್ಟ. ಕೊಡು ಅಂತ ಯಾರೂ ಅನ್ನಲಿಲ್ಲ, ತಾನಾಗೇ ಹೋಗಿ ಕೊಟ್ಟ. ವರ್ಷ ಕಳೆದು ಬತ್ತಾನಲ್ಲ, ಬರೋನು ಯಾರು?"

ಮುನಿಯಣ್ಣ ಬಾರುಕೋಲಿನ ತುದಿಯಿಂದ ನೆಲ ಕೆರೆದ. ಅವನಿಗೆ ಗಂಡು ಮಕ್ಕಳಿರಲಿಲ್ಲ. ಗಾಡಿ, ಎತ್ತು, ಉಳಿದಿರುವ ಅಂಗೈಯಗಲ ಹೊಲ, ಎಲ್ಲ ಬೈರಪ್ಪನಿಗೇ ಎಂದು ಊರಿಗೆಲ್ಲ ಹೇಳಿಕೊಂಡಿದ್ದ.

"ಗಾಡಿ ಕೊಟ್ಟವನು ನಾನು. ನಂಗೇನು ಹೊಟ್ಟೆ ಉರಿಯಾಕಿಲ್ವಾ? ಆದ್ರೆ ಹೋದವ್ನ ಹೆಸರು ಎತ್ತಿ ಇವ್ನ ಮೇಲೆ ಏನಾರಾ ಬಂದ್ರೆ ಅವತ್ತು ಯಾವ ಕೋರ್ಟಿಗೆ ಹೋಯ್ತೀಯ? ನಾನಂತೂ ಹೇಳಾಕಿಲ್ಲ. ನೀನೂ ಹೇಳಬ್ಯಾಡ."

ಅವಳು ಏಕಾಂತಯ್ಯ ಕುಡಿದಿಟ್ಟ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಅವಳು ಮಡಿಯುಟ್ಟು ಬೈರದೇವರ ಗೂಡಿಗೆ ದೀಪ ಹಚ್ಚಿದಳು. ಏನೆಂದು ಕೇಳಿಕೊಳ್ಳುವುದೋ ತಿಳಿಯಲಿಲ್ಲ. ಮಾತು ಮುರಿಯುತ್ತೇನೆ ಎಂದು ಮಾತು ಕೊಟ್ಟ ದೇವರಿಗೇ ಹೇಳುವುದು ಹೇಗೆ? ಕೊನೆಗೆ, "ಹೇಳೋಳು ನಾನು. ಏನಿದ್ರೂ ನನ್ನ ಮೇಲೆ ಹಾಕು" ಎಂದಷ್ಟೇ ಅಂದು ಎದ್ದಳು. ಹೊಸ ಬಡಾವಣೆಯ ಖಾಲಿ ರಸ್ತೆಗಳನ್ನು ಹಾದು ಮಾಗಡಿ ರಸ್ತೆಗೆ ಬಂದು ಪೇಟೆಯ ಕಡೆ ನಡೆಯತೊಡಗಿದಳು. ಟೋಲ್‌ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದಾಗ ದೂರದಲ್ಲಿ ಮುನಿಯಣ್ಣನ ಪೇಟ ಕಂಡಿತು. ತಡೆಯಲು ಬರುತ್ತಿದ್ದಾನೆ ಎಂದುಕೊಂಡು ಅವಳು ಬೇಗ ಬೇಗ ಹೆಜ್ಜೆ ಹಾಕಿದಳು. ಅವನು ಹತ್ತಿರ ಬರಲಿಲ್ಲ, ಹಿಂದೆ ಉಳಿಯಲೂ ಇಲ್ಲ.

ಕೋರ್ಟಿನಲ್ಲಿ ಮೊದಲು ಏಕಾಂತಯ್ಯನವರ ಅರ್ಜಿಯನ್ನು ಓದಿದರು. ಪೊಲೀಸರ ಪರವಾಗಿ ವಾದಿಸುವ ಪ್ರಾಸಿಕ್ಯೂಟಿಂಗ್ ಇನ್‌ಸ್ಪೆಕ್ಟರ್ ಎದ್ದುನಿಂತು, ಜನನದ ಪುಸ್ತಕದ ನಕಲು ಇದೆ, ತಾಯಿಯ ಹೇಳಿಕೆ ಇದೆ, ಎರಡೂ ಒಂದೇ ಆಗಿರುವಾಗ ಮತ್ತೆ ವಿಚಾರಣೆ ಏಕೆ ಎಂದರು. ಮ್ಯಾಜಿಸ್ಟ್ರೇಟರು ತೆಳ್ಳಗಿನ ಮನುಷ್ಯ, ಮಾತು ನಿಧಾನ. ತಾಯಿ ಬಂದಿದ್ದಾಳೆಯೇ ಎಂದು ಕೇಳಿದರು. ಮುನಿತಾಯಮ್ಮ ಸಾಕ್ಷಿಕಟ್ಟೆ ಹತ್ತಿದಳು.

"ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಅಂತ ಹೇಳಮ್ಮ" ಎಂದ ಬೆಂಚ್ ಕ್ಲಾರ್ಕು.

"ಯಾವ ದೇವ್ರು ಸ್ವಾಮಿ?"

"ಯಾವುದಾದರೂ ಸರಿ. ಬೇಗ ಹೇಳು."

"ಬೈರದೇವ್ರು ಬಿಟ್ಟು ಬೇರೆ ದೇವ್ರಾದ್ರೆ ಮಾಡ್ತೀನಿ."

ಯಾರೋ ನಕ್ಕರು. ಕ್ಲಾರ್ಕು ಮ್ಯಾಜಿಸ್ಟ್ರೇಟರ ಮುಖ ನೋಡಿದ. ಅವರು ಬರಿದೇ ದೇವರು ಎಂದರೆ ಸಾಕು ಎಂದರು. ಅವಳು ಪ್ರಮಾಣ ಮಾಡಿದಳು. ಆಮೇಲೆ ಎದುರಿನ ಕಟಕಟೆಯಲ್ಲಿದ್ದ ಮಗನನ್ನು ನೋಡಿ ಕೈಮುಗಿದಳು.

"ಸ್ವಾಮಿ, ಮಗನ್ನ ಸ್ವಲ್ಪ ಹೊತ್ತು ಆಚೆ ಕಳಿಸ್ತೀರಾ? ನಾ ಹೇಳೋದು ಅವ್ನು ಕೇಳಬಾರ್ದು."

"ಏಕೆ?"

"ಅವ್ನಿಗೆ ಒಳ್ಳೇದಲ್ಲ."

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. "ಇಲ್ಲಿ ನಡೀತಾ ಇರೋದು ಅವನ ವಿಷಯ. ಅವನಿಗೆ ಕೇಳಿಸದ ಹಾಗೆ ಅವನ ವಿಚಾರ ತೀರ್ಮಾನ ಮಾಡೋಕೆ ನನಗೆ ಅಧಿಕಾರ ಇಲ್ಲ. ಒಳ್ಳೆಯದೋ ಕೆಟ್ಟದ್ದೋ, ಕೇಳಿಸಿಕೊಳ್ಳೋದು ಅವನ ಹಕ್ಕು. ಹೇಳೋದಿದ್ದರೆ ಅವನ ಎದುರಿಗೇ ಹೇಳಬೇಕು."

ಮುನಿತಾಯಮ್ಮ ಕಟ್ಟೆಯ ಅಂಚನ್ನು ಹಿಡಿದುಕೊಂಡಳು. ಇಳಿದು ಹೋಗಬಹುದಿತ್ತು. ಬೈರಪ್ಪನ ಬಲಗಿವಿಯ ಊತ ಇಳಿದಿತ್ತು. ಈಗ ತುಟಿ ಒಡೆದಿತ್ತು. ಅವನ ಹೆಗಲ ಮೇಲೆ ನಾಗರಾಜು ಗೆಳೆಯನ ಹಾಗೆ ಕೈಯಿಟ್ಟುಕೊಂಡಿದ್ದ. ಮಚ್ಚೆಯಿರುವ ಹೆಗಲೇ ಅದು.

"ನನಗೆ ಇಬ್ರು ಬೈರಪ್ಪ ಸ್ವಾಮಿ" ಎಂದಳು. "ಪುಸ್ತಕದಾಗೆ ಇರೋನು ಮೊದಲನೆಯೋನು. ಅವ್ನು ಹೋಗ್ಬಿಟ್ಟ. ಕೆಂಗೇರಿ ಹತ್ರ, ನಮ್ಮ ತವರಲ್ಲಿ, ಅಮ್ಮ ಎದ್ದು. ಮೂರು ವರ್ಷ ಇದ್ದ. ಇವ್ನು ಆಮ್ಯಾಕೆ ಹುಟ್ಟಿದೋನು. ಅವ್ನೇ ತಿರುಗ ಬಂದ ಅಂತ ನಮ್ಮತ್ತೆ ಅಂದ್ರು. ನಾವೂ ಹಂಗೇ ನಂಬಿದ್ವಿ. ಹೆಸ್ರೂ ಅದೇ ಇಟ್ವಿ, ವಯಸ್ಸೂ ಅಲ್ಲಿಂದಲೇ ಎಣಿಸಿದ್ವಿ. ಹೋದೋನ ವರ್ಷಗಳನ್ನೂ ಇವ್ನ ತಲೆ ಮೇಲೇ ಹೊರಿಸಿದ್ವಿ."

ಕಟಕಟೆಯಲ್ಲಿ ನಾಗರಾಜು, "ಲೋ, ನೀನು ಎರಡನೇ ಸಲದೋನೇನೋ" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಪೇದೆ ಅವನನ್ನು ಗದರಿದ. ಬೈರಪ್ಪ ತಾಯಿಯನ್ನು ನೋಡುತ್ತಿದ್ದ. ಅವನ ಕೈ ತಾನಾಗಿ ಎಡ ಹೆಗಲಿಗೆ ಹೋಗಿ, ನಾಗರಾಜುವಿನ ಕೈಯನ್ನು ಸರಿಸಿತು.

ಪ್ರಾಸಿಕ್ಯೂಟಿಂಗ್ ಇನ್‌ಸ್ಪೆಕ್ಟರ್ ಎದ್ದರು. ಅವರ ದನಿಯಲ್ಲಿ ಒರಟುತನವಿರಲಿಲ್ಲ.

"ಅಲ್ಲಮ್ಮ, ಠಾಣೆಯಲ್ಲಿ ಕೇಳಿದಾಗ ಹದಿನೆಂಟು ಅಂದವಳು ನೀನೇ. ಪುಸ್ತಕ ನೋಡಿ ಅಂತ ಸವಾಲು ಹಾಕಿದವಳೂ ನೀನೇ. ಈಗ ಕಡಿಮೆ ವಯಸ್ಸಾದರೆ ಅನುಕೂಲ ಅಂತ ಗೊತ್ತಾದ ಮೇಲೆ ಇನ್ನೊಂದು ಮಗು ಹುಟ್ಟಿಕೊಳ್ತು. ಯಾವ ತಾಯಿ ತಾನೇ ಮಗನಿಗೋಸ್ಕರ ಇಷ್ಟು ಹೇಳೋದಿಲ್ಲ?"

"ಯಾವ ತಾಯಿನೂ ಹೇಳಾಕಿಲ್ಲ ಸ್ವಾಮಿ" ಎಂದಳು ಮುನಿತಾಯಮ್ಮ. "ಸತ್ತ ಮಗನ್ನ ಇಷ್ಟು ಜನದ ಮುಂದೆ ಇನ್ನೊಂದು ಸಲ ಸಾಯಿಸಿ, ಇರೋ ಮಗನ್ನ ಅದೇ ಬಾಯಲ್ಲಿ ಹೋಗು ಅಂದಂಗೆ ಇದು. ನಮ್ಮಲ್ಲಿ ಯಾರೂ ಹೇಳಾಕಿಲ್ಲ."

ಮ್ಯಾಜಿಸ್ಟ್ರೇಟರು ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ, ಇದನ್ನು ಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಅವಳು ಹಿಂತಿರುಗಿ ನೋಡಲಿಲ್ಲ. ಹೆಸರು ಹೇಳಲಿಲ್ಲ. ಭಾವನ ಮಾತು ಭಾವನದು; ಅದನ್ನು ಮುರಿಯುವ ಹಕ್ಕು ತನಗಿಲ್ಲ ಎಂದು ಅವಳಿಗನಿಸಿತು.

"ಇಲ್ಲ ಸ್ವಾಮಿ" ಎಂದಳು.

"ಹಾಗಾದರೆ—" ಎಂದು ಮ್ಯಾಜಿಸ್ಟ್ರೇಟರು ಶುರುಮಾಡಿದಾಗ ಹಿಂದಿನ ಬಾಗಿಲ ಹತ್ತಿರ ಗದ್ದಲವಾಯಿತು. ಒಬ್ಬ ರೈತ ಒಳಗೆ ಬರುತ್ತಿದ್ದ, ಪೇದೆ ತಡೆಯುತ್ತಿದ್ದ. ಅವನು ಮುನಿಯಣ್ಣ. ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಬರಿ ತಲೆಯಲ್ಲಿ ಅವನನ್ನು ಮುನಿತಾಯಮ್ಮ ಕಂಡದ್ದು ಎರಡೇ ಸಲ: ಅತ್ತೆ ಹೋದ ದಿನ, ಗಂಡ ಹೋದ ದಿನ. ಕೆಂಗೇರಿಯಲ್ಲಿ ಅವತ್ತು ಅವನು ಪೇಟ ತೆಗೆದಿರಲಿಲ್ಲ. ಸಾವು ಎಂದು ಒಪ್ಪಿಕೊಂಡಂತಾಗುತ್ತದೆ ಎಂದು ಅತ್ತೆ ತಡೆದಿದ್ದಳು.

ಪ್ರಮಾಣ ಮಾಡಿಸಿದ ಮೇಲೆ ಮ್ಯಾಜಿಸ್ಟ್ರೇಟರು ಕೇಳಿದರು: "ಈಕೆ ಹೇಳಿದ ಮೊದಲನೆಯ ಮಗು ಸತ್ತದ್ದು ನಿಜವೇ?"

ಮುನಿಯಣ್ಣ ಪೇಟವನ್ನು ಕೈಗೆ ತೆಗೆದುಕೊಂಡ. "ಎತ್ಕೊಂಡು ಹೋಗಿದ್ದು ನಾನೇ" ಎಂದ. "ಕೆರೆ ಏರಿ ಕೆಳಗೆ ಹುಣಸೆಮರ ಐತೆ. ಅಲ್ಲಿಟ್ಟೆ. ನಾಯಿ ನರಿ ಕೆದಕಬಾರ್ದು ಅಂತ ಮೇಲೆ ಕಲ್ಲು ಹೇರಿದೀನಿ. ಯಾರನ್ನಾರಾ ಕಳಿಸಿ, ತೋರಿಸ್ತೀನಿ."

"ಈ ಹುಡುಗ ಹುಟ್ಟಿದ್ದು?"

"ಮರುವರ್ಷ ಮಾಗೀಲಿ. ರಾಗಿ ಒಕ್ಕಣೆ ಮುಗಿದಿತ್ತು."

"ಇಷ್ಟು ದಿನ ಏಕೆ ಹೇಳಲಿಲ್ಲ?"

"ಹೇಳಬಾರ್ದು ಅಂತಿತ್ತು. ಈಗ ತಾಯೇ ಹೇಳಿದ್ಲು. ಅವ್ಳೊಬ್ಳ ಮೇಲೇ ಬಿಡೋಕಾಗಲಿಲ್ಲ."

ಇನ್‌ಸ್ಪೆಕ್ಟರ್ ಏನೂ ಕೇಳದೆ ಕೂತರು. ಮ್ಯಾಜಿಸ್ಟ್ರೇಟರು ಮಧ್ಯಾಹ್ನದ ಹೊತ್ತಿಗೆ ಆದೇಶ ಓದಿದರು. ಜನನದ ಪುಸ್ತಕದಲ್ಲಿರುವುದು ಈ ಆರೋಪಿಯ ಹುಟ್ಟಲ್ಲ ಎಂದು ನಂಬಲು ಕಾರಣವಿದೆ. ವೈದ್ಯರ ಅಭಿಪ್ರಾಯ ಇದಕ್ಕೆ ಅಡ್ಡಬರುವುದಿಲ್ಲ. ಅನುಮಾನ ಉಳಿದಿದ್ದರೆ ಅದರ ಲಾಭ ಹುಡುಗನಿಗೇ ಸಲ್ಲಬೇಕು. ಅವನ ಕೇಸನ್ನು ಉಳಿದ ಮೂವರಿಂದ ಬೇರ್ಪಡಿಸಿ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕು. ಇವತ್ತಿನಿಂದ ಅವನನ್ನು ಜೈಲಿನಲ್ಲಿ ಇಡಕೂಡದು, ರಿಮ್ಯಾಂಡ್ ಹೋಮಿಗೆ ಒಯ್ಯಬೇಕು.

ಹೊರಗೆ ಬಂದ ಮೇಲೆ ಏಕಾಂತಯ್ಯ ಅವಳಿಗೆ ಬಿಡಿಸಿ ಹೇಳಿದರು. "ಬಿಡುಗಡೆ ಆಯ್ತು ಅಂತ ತಿಳೀಬ್ಯಾಡ್ರಿ ತಾಯಿ. ಕಳ್ಳತನದ ವಿಚಾರಣೆ ಅಲ್ಲಿ ಆಗಬೇಕು. ಏನು ಮಾಡ್ತಾರೋ ನನಗೂ ಗೊತ್ತಿಲ್ಲ. ಮಕ್ಕಳ ಹಂಗ ವಿಚಾರಣೆ ಮಾಡ್ತಾರ, ಅಷ್ಟು ಮಾತ್ರ ಹೇಳಬಲ್ಲೆ. ಅಲ್ಲೂ ನಾ ಬರ್ತೀನಿ."

"ಹೊಡೆಯಾಕಿಲ್ವಾ ಅಲ್ಲಿ?"

ಏಕಾಂತಯ್ಯ ಕೈಯಲ್ಲಿದ್ದ ಕಾಗದಗಳನ್ನು ಮಡಚಿದರು. "ಹೊಡೆದ್ರೆ ನನಗ ಹೇಳ್ರಿ" ಎಂದರು.

ಮುನಿಯಣ್ಣ ಕಾಂಪೌಂಡಿನ ಆಚೆ ಬೇಲಿಯ ಪಕ್ಕದಲ್ಲಿ ಕೂತಿದ್ದ. ಪೇಟ ಇನ್ನೂ ತೊಡೆಯ ಮೇಲಿತ್ತು. ಹದಿನೈದು ವರ್ಷ ತಡವಾಗಿ ಬಂದ ಸೂತಕ ಅದು. ಎಷ್ಟು ಹೊತ್ತು ಹಾಗೇ ಕೂರಬೇಕೆಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಮುನಿತಾಯಮ್ಮ ಅವನನ್ನು ಕರೆಯಲಿಲ್ಲ.

ನಾಗರಾಜು ಮತ್ತು ಇನ್ನಿಬ್ಬರನ್ನು ವ್ಯಾನಿಗೆ ಹತ್ತಿಸಿ ಕರೆದೊಯ್ದರು. ಬೈರಪ್ಪನನ್ನು ವರಾಂಡದ ಇನ್ನೊಂದು ತುದಿಯ ಬೆಂಚಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ವಯಸ್ಸಾದ ಪೇದೆಯೊಬ್ಬ ನಿಂತಿದ್ದ. ಹುಡುಗನ ಕೈಗೆ ಹಗ್ಗವಿರಲಿಲ್ಲ. ತಾಯಿ ಬಂದು ಪಕ್ಕದಲ್ಲಿ ಕೂತಳು.

"ಅವ್ವ, ನಾನೂ ಹೊಂಟೋಯ್ತೀನಾ?"

"ಇಲ್ಲ."

"ಹೆಂಗೊತ್ತು?"

"ಗೊತ್ತು" ಎಂದಳು. ಗೊತ್ತಿರಲಿಲ್ಲ. ಅವನ ಒಡೆದ ತುಟಿಯನ್ನು ಸೆರಗಿನ ತುದಿಯಿಂದ ಒತ್ತಿದಳು. ಅವನು ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅವ್ನು ಹೆಂಗಿದ್ದ?"

"ನಿನಗಿಂತ ಕೆಂಪಗಿದ್ದ. ಬಾಯಿ ಜಾಸ್ತಿ. ಅಜ್ಜಿ ಹೆಗಲು ಬಿಟ್ಟು ಇಳೀತಿರಲಿಲ್ಲ."

ಬೈರಪ್ಪ ಯೋಚಿಸಿದ. ತಾನು ಹಾಗಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಹಂಗಾದ್ರೆ ನಂಗೆಷ್ಟು?"

ಮುನಿತಾಯಮ್ಮ ಬಾಯಿ ತೆರೆದು ನಿಲ್ಲಿಸಿದಳು. ಹದಿನಾರಕ್ಕಿಂತ ಕಡಿಮೆ ಎಂಬುದಷ್ಟೇ ಕೋರ್ಟಿಗೆ ಬೇಕಿತ್ತು. ಅದನ್ನಷ್ಟೇ ಅವಳೂ ಹಿಡಿದುಕೊಂಡಿದ್ದಳು. ಈ ಹುಡುಗನಿಗೆ ಎಷ್ಟು ವರ್ಷ ಎಂದು ಅವಳು ಎಂದೂ ಎಣಿಸಿರಲಿಲ್ಲ. ಹೆಬ್ಬೆರಳನ್ನು ಕಿರುಬೆರಳಿನ ಗೆರೆಯ ಮೇಲಿಟ್ಟು ಶುರುಮಾಡಿದಳು. ಅವನು ಹುಟ್ಟಿದ ಮಾಗಿ ಒಂದು. ಅಂಬೆಗಾಲಿಟ್ಟು ಹಿತ್ತಿಲಿಗೆ ಹೋದದ್ದು. ಸ್ವಾತಂತ್ರ್ಯ ಬಂತೆಂದು ಊರ ಹುಡುಗರೆಲ್ಲ ಬಾವುಟ ಹಿಡಿದು ಓಡಿದಾಗ ಇವನು ಚಡ್ಡಿಯಿಲ್ಲದೆ ಹಿಂದೆ ಓಡಿದ್ದು. ಮೇಷ್ಟರು ಹಲ್ಲು ನೋಡಿದ್ದು. ಹಲ್ಲು ಬಿದ್ದದ್ದು, ಅದನ್ನು ಮಾಡಿನ ಮೇಲೆ ಎಸೆದದ್ದು. ಅವರಪ್ಪ ಹೋದ ವರ್ಷ. ಹೊಲದಲ್ಲಿ ಕಲ್ಲು ನೆಟ್ಟ ವರ್ಷ. ನಡುವೆ ಎಲ್ಲೋ ಒಂದು ಮಾಗಿ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದಳು. ಬೈರಪ್ಪ ಅವಳ ಬೆರಳನ್ನೇ ನೋಡುತ್ತ ತುಟಿಯಲ್ಲಿ ಜೊತೆಗೆ ಎಣಿಸುತ್ತಿದ್ದ. ಪೇದೆ ಹೊರಡಬೇಕು ಎಂದು ಕೆಮ್ಮಿದ. ಆಮೇಲೆ ಅವನೂ ಸುಮ್ಮನೆ ನಿಂತ.

"ಹದಿನಾಲ್ಕು" ಎಂದಳು.

ಬೈರಪ್ಪನ ಮುಖ ಇಳಿದುಹೋಯಿತು.

"ಬರೀ ಹದಿನಾಲ್ಕಾ?" ಎಂದ.